ಮಿದುಳಿನ ಸಣ್ಣ ರಕ್ತನಾಳಗಳ ತೊಂದರೆ: "ವಯಸ್ಸಿಗೆ ಸಹಜ" ಅಂತ ಬಿಟ್ಟುಬಿಡಬಹುದಾ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 74 ವರ್ಷ. ತಲೆಸುತ್ತು ಅಂತ ಎಂಆರ್‌ಐ ಮಾಡಿಸಿದೆವು. ರಿಪೋರ್ಟಿನ ಕೊನೆಯಲ್ಲಿ "ಸಣ್ಣ ರಕ್ತನಾಳಗಳ ಹಳೆಯ ಇಸ್ಕೀಮಿಕ್ ಬದಲಾವಣೆ, ಫಜೇಕಾಸ್ ಗ್ರೇಡ್ 2" ಅಂತ ಬರೆದಿದ್ದಾರೆ. ಡಾಕ್ಟರ್ ಅದನ್ನು ನೋಡಿ, ಇದು ವಯಸ್ಸಿಗೆ ಸಹಜ, ಈ ವಯಸ್ಸಲ್ಲಿ ಎಲ್ಲರಿಗೂ ಇರುತ್ತೆ ಅಂದರು. ಮಾತು ಅಲ್ಲಿಗೇ ಮುಗಿಯಿತು.

ಆದರೆ ನನಗೆ ಸಮಾಧಾನವಿಲ್ಲ. ಅಮ್ಮನ ನೆನಪು ಚೆನ್ನಾಗಿಯೇ ಇದೆ. ಯಾರ ಮದುವೆ ಯಾವಾಗ ಆಯಿತು, ಯಾರ ಮಗು ಎಲ್ಲಿ ಓದುತ್ತಿದೆ, ಎಲ್ಲ ಹೇಳುತ್ತಾರೆ. ಬದಲಾಗಿರುವುದು ಬೇರೆ. ಪ್ರಶ್ನೆ ಕೇಳಿದರೆ ಉತ್ತರ ತಡವಾಗಿ ಬರುತ್ತದೆ. ಎರಡು ಕೆಲಸ ಒಟ್ಟಿಗೆ ಮಾಡಲು ಆಗುವುದಿಲ್ಲ. ನಡಿಗೆ ಚಿಕ್ಕದಾಗಿದೆ. ಬಾತ್‌ರೂಮಿಗೆ ಹೋಗಬೇಕು ಅನ್ನಿಸಿದರೆ ತಡೆದುಕೊಳ್ಳಲು ಆಗುವುದಿಲ್ಲ. ಇವಕ್ಕೂ ರಿಪೋರ್ಟಿನ ಆ ಸಾಲಿಗೂ ಸಂಬಂಧ ಇದೆಯಾ? ಇದು ಸ್ಟ್ರೋಕಾ? ಮುಂದೆ ಡಿಮೆನ್ಷಿಯಾ ಬರುತ್ತದಾ? ನಾವು ಮಾಡಬಹುದಾದ್ದು ಏನಾದರೂ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸ್ಕ್ಯಾನ್ ಓದುಗ:
ನಾನು ರೇಡಿಯಾಲಜಿಸ್ಟ್ ಆಗಿದ್ದವನು, ಈಗ ನಿವೃತ್ತ. ಇಂಥ ಸಾಲುಗಳನ್ನು ವರ್ಷಗಟ್ಟಲೆ ಬರೆದಿದ್ದೇನೆ. ಅದರ ಹಿಂದೆ ಏನಿದೆ ಅಂತ ವಿವರವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಇಸ್ಕೀಮಿಕ್ ಅಂದರೆ ರಕ್ತ ಸಾಲದೆ ಆದದ್ದು.

ಮಿದುಳಿನ ತೂಕ ದೇಹದ ತೂಕದ 2% ಮಾತ್ರ. ಆದರೆ ನಾವು ಸುಮ್ನೆ ಕೂತಿದ್ದಾಗಲೂ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು 15ರಿಂದ 20% ಅದಕ್ಕೇ ಹೋಗುತ್ತದೆ. ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಶಕ್ತಿ ಮಿದುಳಿಗೆ ಇಲ್ಲ. ದೊಡ್ಡ ರಕ್ತನಾಳಗಳು ಮಿದುಳಿನ ಬುಡದಲ್ಲಿ ಮತ್ತು ಮೇಲ್ಮೈಯಲ್ಲಿ ಹರಡಿಕೊಂಡಿವೆ. ಅವುಗಳಿಂದ ಒಂದು ಮಿಲಿಮೀಟರಿಗಿಂತ ಸಣ್ಣ ಕವಲುಗಳು ಒಳಗೆ ಆಳಕ್ಕೆ ಇಳಿಯುತ್ತವೆ. ಆಳದಲ್ಲಿರುವ ಬಿಳಿ ಭಾಗ, ಅಂದರೆ ಮಿದುಳಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಂದೇಶ ಒಯ್ಯುವ ನರತಂತುಗಳ ಜಾಗ, ಈ ಕವಲುಗಳ ತುದಿಯಲ್ಲಿದೆ. ಕಾಲುವೆಯ ಕೊನೆಯ ಗದ್ದೆ ಇದ್ದ ಹಾಗೆ. ನೀರು ಕಡಿಮೆಯಾದರೆ ಮೊದಲು ಒಣಗುವುದು ಅದೇ.

ಬಿಪಿ ವರ್ಷಾನುಗಟ್ಟಲೆ ಜಾಸ್ತಿ ಇದ್ದರೆ ಈ ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತದೆ, ಗಟ್ಟಿಯಾಗುತ್ತದೆ. ಒಳದಾರಿ ಕಿರಿದಾಗುತ್ತದೆ. ಮಿದುಳಿನ ಒಂದು ಭಾಗ ಕೆಲಸ ಶುರು ಮಾಡಿದಾಗ ಅಲ್ಲಿನ ನಾಳ ಹಿಗ್ಗಿ ಹೆಚ್ಚು ರಕ್ತ ಕೊಡಬೇಕು. ಗಟ್ಟಿಯಾದ ನಾಳ ಹಿಗ್ಗುವುದಿಲ್ಲ. ಇನ್ನೊಂದು ಸಂಗತಿ ಇದೆ, ಇದನ್ನು ಹೇಳುವವರು ಕಡಿಮೆ. ಮಿದುಳಿನ ರಕ್ತನಾಳಗಳ ಒಳಪದರ ತುಂಬಾ ಬಿಗಿಯಾದದ್ದು, ರಕ್ತದಲ್ಲಿರುವುದನ್ನೆಲ್ಲ ಒಳಗೆ ಬಿಡುವುದಿಲ್ಲ. ಆ ಬಿಗಿ ಸಡಿಲವಾದರೆ ರಕ್ತದ ದ್ರವ, ಪ್ರೋಟೀನ್ ಹೊರಗೆ ಜಿನುಗಿ ಸುತ್ತಲಿನ ನರತಂತುಗಳ ಕವಚಕ್ಕೆ ಹಾನಿ ಮಾಡುತ್ತವೆ. ಆದ್ದರಿಂದ "ಬ್ಲಾಕ್ ಆಗಿದೆ" ಅಂದರೆ ಕಥೆಯ ಅರ್ಧ ಮಾತ್ರ ಹೇಳಿದಂತೆ. ಎಷ್ಟೋ ಕಡೆ ನಾಳ ತೆರೆದೇ ಇರುತ್ತದೆ, ಆದರೆ ಸೋರುತ್ತಿರುತ್ತದೆ.

ಈ ನಾಳಗಳು ಎಂಆರ್‌ಐನಲ್ಲಿ ನೇರವಾಗಿ ಕಾಣುವುದಿಲ್ಲ, ಅಷ್ಟು ಸಣ್ಣವು. ನಮಗೆ ಕಾಣುವುದು ಅವು ಬಿಟ್ಟುಹೋದ ಗುರುತು. ಫ್ಲೇರ್ ಅನ್ನುವ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಕಲೆಗಳು. ಲಕ್ಯೂನ್ ಅನ್ನುವ 3ರಿಂದ 15 ಮಿಲಿಮೀಟರಿನ ಪುಟ್ಟ ಗುಳಿಗಳು, ಇವು ಹೆಚ್ಚಾಗಿ ಹಳೆಯ ಸಣ್ಣ ಸ್ಟ್ರೋಕಿನ ಗುರುತು. ಎಸ್‌ಡಬ್ಲ್ಯುಐ ಅನ್ನುವ ಚಿತ್ರದಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುವ ಮೈಕ್ರೋಬ್ಲೀಡ್, ಅಂದರೆ ಕೂದಲೆಳೆಯಷ್ಟು ರಕ್ತ ಜಿನುಗಿ ನಿಂತದ್ದು. ಜೊತೆಗೆ ನಾಳಗಳ ಸುತ್ತಲಿನ ಸಂದು ಅಗಲವಾಗಿರುವುದು.

ಫಜೇಕಾಸ್ ಅನ್ನುವುದು 1987ರಿಂದ ಬಳಕೆಯಲ್ಲಿರುವ ಅಳತೆ, ಆಸ್ಟ್ರಿಯಾದ ನ್ಯೂರಾಲಜಿಸ್ಟ್ ಒಬ್ಬರ ಹೆಸರು. ಆಳದ ಬಿಳಿ ಭಾಗದಲ್ಲಿ ಅಲ್ಲಲ್ಲಿ ಚುಕ್ಕೆ ಇದ್ದರೆ 1. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳಲು ಶುರುವಾಗಿದ್ದರೆ 2. ದೊಡ್ಡ ತೇಪೆಗಳಾಗಿದ್ದರೆ 3. 74ರಲ್ಲಿ 1 ಕಂಡರೆ ನಾನೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. 2 ಮತ್ತು 3 ಕಂಡರೆ, ಜೊತೆಗೆ ನೀವು ಹೇಳಿದಂಥ ಲಕ್ಷಣಗಳಿದ್ದರೆ, "ಸಹಜ" ಅಂತ ಫೈಲು ಮುಚ್ಚುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ನೀವು ಬರೆದಿರುವ ನಿಧಾನ, ನಡಿಗೆ, ಮೂತ್ರದ ಅವಸರ, ಈ ಮೂರೂ ಈ ತೊಂದರೆಯಲ್ಲಿ ಒಟ್ಟಿಗೆ ಬರುವಂಥವು.

ನೇರಮಾತು:
ಸ್ಕ್ಯಾನ್ ಓದುಗ ಅವರ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನದಲ್ಲಿ 60ರಿಂದ 90 ವಯಸ್ಸಿನ ಸಾವಿರಕ್ಕೂ ಹೆಚ್ಚು ಮಂದಿಯ ಮಿದುಳು ಸ್ಕ್ಯಾನ್ ಮಾಡಿದರು. ಬಿಳಿ ಕಲೆ ಒಂದೂ ಇಲ್ಲದವರು ಬರೀ 5%. ಅಂದರೆ 100ರಲ್ಲಿ 95 ಜನಕ್ಕೆ ಇದೆ. ಅವರಲ್ಲಿ ಬಹಳಷ್ಟು ಮಂದಿ ತಮ್ಮ ಪಾಡಿಗೆ ಚೆನ್ನಾಗಿ ಬದುಕುತ್ತಿದ್ದಾರೆ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿ, ಈ ಸಾಲು ಓದಿ, ಹಗಲೂ ರಾತ್ರಿ ಡಿಮೆನ್ಷಿಯಾ ಭಯದಲ್ಲಿ ಕೊರಗುವವರನ್ನು ನಾನು ನೋಡಿದ್ದೇನೆ. ಮೈಗ್ರೇನ್ ಇರುವವರಲ್ಲೂ ಕೆಲವು ಚುಕ್ಕೆ ಕಾಣುತ್ತವೆ. ಹೆದರಿಸುವ ಮೊದಲು ಇದನ್ನೂ ಹೇಳಬೇಕು, ಅಲ್ವಾ?

ಸ್ಕ್ಯಾನ್ ಓದುಗ:
ಖಂಡಿತ ಹೇಳಬೇಕು. ಕಲೆ ಎಷ್ಟಿದೆ ಅನ್ನುವುದು ಮುಖ್ಯ, ಇದೆಯೋ ಇಲ್ಲವೋ ಅನ್ನುವುದಲ್ಲ. ಒಂದೇ ಥರದ ಸ್ಕ್ಯಾನ್ ಇರುವ ಇಬ್ಬರಲ್ಲಿ ಒಬ್ಬರು ಚುರುಕಾಗಿ ಓಡಾಡಿಕೊಂಡಿರಬಹುದು, ಇನ್ನೊಬ್ಬರಿಗೆ ಕೋಲು ಬೇಕಾಗಬಹುದು. ಹಾಗಿದ್ದರೂ ಒಂದು ವಿಷಯ ಒಪ್ಪಿಕೊಳ್ಳಿ. ಕೂದಲು ನೆರೆಯುವುದೂ ಸಾಮಾನ್ಯ, ಬಿಪಿ ಏರುವುದೂ ಸಾಮಾನ್ಯ. ಎರಡನೆಯದಕ್ಕೆ ಮಾತ್ರೆ ಕೊಡುತ್ತೇವೆ. ರಕ್ತದ ಹರಿವು ತಪ್ಪಿ ಆಗುವ ಸ್ಟ್ರೋಕುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಈ ಸಣ್ಣ ನಾಳಗಳದ್ದೇ. ಅಲ್ಜೈಮರ್ ಇರುವ ಎಷ್ಟೋ ಮಂದಿಯ ಮಿದುಳಿನಲ್ಲೂ ಈ ಹಾನಿ ಜೊತೆಗಿರುತ್ತದೆ. ಎರಡೂ ಸೇರಿದರೆ ಕಾಯಿಲೆ ಬೇಗ ಹೊರಗೆ ಕಾಣಿಸಿಕೊಳ್ಳುತ್ತದೆ.

ದಾರಿಹೋಕಳು:
ನಾನು ಡಾಕ್ಟರಲ್ಲ. ನನ್ನ ಯಜಮಾನರಿಗೆ ಈ ತೊಂದರೆ ಇದೆ. ನೋಡಿಕೊಳ್ಳುವವರಿಗೆ ಒಂದು ವಿಷಯ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಎಲ್ಲರೂ ಮರೆವನ್ನು ಕಾಯುತ್ತಾರೆ. ಹೆಸರು ಮರೆತರಾ, ದಾರಿ ತಪ್ಪಿದರಾ ಅಂತ ನೋಡುತ್ತಾರೆ. ಇವರಿಗೆ ಅದು ಯಾವುದೂ ಆಗಲಿಲ್ಲ. ಆದದ್ದು ಏನು ಅಂದರೆ, ಇವರು ತಾವಾಗಿ ಯಾವುದನ್ನೂ ಶುರು ಮಾಡುವುದು ನಿಂತುಹೋಯಿತು. ಪೇಪರ್ ಕೈಗೆ ಕೊಟ್ಟರೆ ಓದುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಬನ್ನಿ ಅಂದರೆ ನಡೆಯಲು ಬರುತ್ತಾರೆ, ಕರೆಯದಿದ್ದರೆ ಇಡೀ ದಿನ ಕುರ್ಚಿಯಲ್ಲೇ. ಬೇಜಾರಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಮುಖದಲ್ಲೂ ದುಃಖ ಇರುವುದಿಲ್ಲ. ನೆಂಟರೆಲ್ಲ ರಿಟೈರ್ ಆದಮೇಲೆ ಸೋಮಾರಿಯಾದರು ಅಂದರು. ಕೆಲವರು ಹಠ ಅಂದರು. ನ್ಯೂರಾಲಜಿಸ್ಟ್ ಸ್ಕ್ಯಾನ್ ತೋರಿಸಿ, ಆಸೆ ಹುಟ್ಟಿಸಿ ಕೆಲಸಕ್ಕೆ ಹಚ್ಚುವ ಮುಂಭಾಗದ ಮಿದುಳಿಗೂ ಆಳದ ಭಾಗಕ್ಕೂ ನಡುವಿನ ದಾರಿಗಳು ಇಲ್ಲಿ ಹಾಳಾಗಿವೆ ಅಂತ ವಿವರಿಸಿದರು. ಕಾಯಿಲೆಯ ಲಕ್ಷಣವನ್ನು ಸ್ವಭಾವದ ದೋಷ ಅಂದುಕೊಂಡು ಒಬ್ಬ ಮನುಷ್ಯನನ್ನು ಬೈಯುವುದು ಎಷ್ಟು ದೊಡ್ಡ ಅನ್ಯಾಯ ಯೋಚಿಸಿ.

ಸಂಜೆಮಲ್ಲಿಗೆ ಅವರೇ, ಅಮ್ಮ ಉತ್ತರ ಕೊಡಲು ತಡ ಮಾಡಿದರೆ ಪ್ರಶ್ನೆಯನ್ನು ಬದಲಿಸಿ ಮತ್ತೆ ಕೇಳಬೇಡಿ. ಕಾಯಿರಿ. ಉತ್ತರ ಒಳಗಿಂದ ಬರುತ್ತಿರುತ್ತದೆ, ಮಧ್ಯೆ ಮಾತಾಡಿದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. "ಏನು ಮಾಡೋಣ" ಅನ್ನುವುದಕ್ಕಿಂತ "ಈಗ ಹೊರಗೆ ಹೋಗೋಣ, ಏಳಿ" ಅನ್ನುವುದು ಇವರಿಗೆ ಸುಲಭವಾಗುತ್ತದೆ. ಟಿವಿ ಆರಿಸಿ ಮಾತಾಡಿಸಿ.

ಸಂಜೆಮಲ್ಲಿಗೆ:
ನಿಮ್ಮ ಮಾತು ಓದಿ ಕಣ್ಣು ತುಂಬಿತು. ಅಮ್ಮನೂ ಹೀಗೇ. ಡಾಕ್ಟರ್ ನೆನಪಿನ ಪರೀಕ್ಷೆ ಮಾಡಿದರು, 30ಕ್ಕೆ 28 ಬಂತು, ಏನೂ ತೊಂದರೆ ಇಲ್ಲ ಅಂದಿದ್ದರು.

ನೆನಪಿನ ಕ್ಲಿನಿಕ್:
ನಾನು ಇಂಥ ಪರೀಕ್ಷೆಗಳನ್ನು ಮಾಡುವ ಮನಶ್ಶಾಸ್ತ್ರಜ್ಞೆ. ಅದು ಬಹುಶಃ ಎಂಎಂಎಸ್‌ಇ ಇರಬೇಕು. ಅದರಲ್ಲಿ ದಿನಾಂಕ, ಜಾಗ, ಪದಗಳ ನೆನಪು ಇವಕ್ಕೇ ಅಂಕ ಜಾಸ್ತಿ. ಸಣ್ಣ ನಾಳಗಳ ಹಾನಿಯಲ್ಲಿ ಮೊದಲು ಪೆಟ್ಟು ಬೀಳುವುದು ವೇಗಕ್ಕೆ ಮತ್ತು ಯೋಜನೆ ಹಾಕುವ ಶಕ್ತಿಗೆ. ಅದನ್ನು ಈ ಪರೀಕ್ಷೆ ಸರಿಯಾಗಿ ಹಿಡಿಯುವುದಿಲ್ಲ. 2005ರಲ್ಲಿ ಬಂದ ಮೋಕಾ ಪರೀಕ್ಷೆಯಲ್ಲಿ ಗಡಿಯಾರ ಬರೆಯುವುದು, ಅಂಕಿ ಮತ್ತು ಅಕ್ಷರವನ್ನು ಒಂದಾದ ಮೇಲೊಂದು ಜೋಡಿಸುವುದು ಇವೆಲ್ಲ ಇವೆ. ಅದನ್ನು ಕೇಳಿ ಮಾಡಿಸಿ. ಓದು ಕಡಿಮೆ ಇರುವವರಿಗೆ ಅಂಕವನ್ನು ಬೇರೆ ರೀತಿ ಅರ್ಥ ಮಾಡಿಕೊಳ್ಳಬೇಕಾಗುತ್ತದೆ, ಅದನ್ನು ಮಾಡುವವರಿಗೆ ತಿಳಿಸಿ.

ಇನ್ನೊಂದು ಗಮನಿಸಿ. ಐದು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದಾಗ ಅವರಿಗೆ ಬರಲಿಲ್ಲ ಅನ್ನಿ. "ಅದೊಂದು ಹಣ್ಣು" ಅಂತ ಸುಳಿವು ಕೊಟ್ಟರೆ ತಕ್ಷಣ ಹೇಳಿದರೆ, ನೆನಪು ಒಳಗಿದೆ, ಹುಡುಕಿ ತೆಗೆಯುವುದು ಕಷ್ಟವಾಗಿದೆ ಅಂತ ಅರ್ಥ. ಸಣ್ಣ ನಾಳಗಳ ತೊಂದರೆಯಲ್ಲಿ ಹೆಚ್ಚಾಗಿ ಹೀಗಾಗುತ್ತದೆ. ಸುಳಿವು ಕೊಟ್ಟರೂ ಬರದಿದ್ದರೆ ಅಲ್ಜೈಮರ್ ಕಡೆಗೂ ಯೋಚಿಸಬೇಕು. ಇದೊಂದರಿಂದಲೇ ತೀರ್ಮಾನ ಮಾಡುವುದಿಲ್ಲ, ಆದರೆ ಡಾಕ್ಟರಿಗೆ ದಾರಿ ಸಿಗುತ್ತದೆ.

ನಡಿಗೆಯ ಮೇಡಂ:
ಫಿಸಿಯೋಥೆರಪಿಸ್ಟ್ ನಾನು. ನಡಿಗೆ ಬಗ್ಗೆ ಎರಡು ಮಾತು. ಈ ತೊಂದರೆ ಇರುವವರು ಹೆಜ್ಜೆಯನ್ನು ಎತ್ತದೆ ಎಳೆಯುತ್ತಾರೆ. ಪಾದಗಳ ನಡುವೆ ಅಂತರ ಜಾಸ್ತಿ ಇಡುತ್ತಾರೆ. ತಿರುಗುವಾಗ ಒಂದೇ ಸಲ ತಿರುಗುವುದಿಲ್ಲ, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾರೆ. ನೋಡಿದವರು ಪಾರ್ಕಿನ್ಸನ್ ಅಂದುಕೊಳ್ಳುತ್ತಾರೆ. ಆದರೆ ಕೈ ನಡುಗುವುದಿಲ್ಲ, ನಡೆಯುವಾಗ ಕೈ ಬೀಸುವುದು ಚೆನ್ನಾಗಿಯೇ ಇರುತ್ತದೆ. ಪಾರ್ಕಿನ್ಸನ್ ಮಾತ್ರೆ ಕೊಟ್ಟರೆ ಹೆಚ್ಚಿನವರಿಗೆ ಅಷ್ಟಾಗಿ ಗುಣ ಕಾಣುವುದಿಲ್ಲ.

ನಡಿಗೆ, ಮೂತ್ರ, ಯೋಚನೆ ಈ ಮೂರೂ ಒಟ್ಟಿಗೆ ಕೆಟ್ಟಿದ್ದರೆ ಮಿದುಳಿನ ಒಳಗೆ ನೀರು ತುಂಬಿಕೊಳ್ಳುವ ಇನ್ನೊಂದು ಕಾಯಿಲೆಯೂ ಇರಬಹುದು, ಎನ್‌ಪಿಎಚ್ ಅನ್ನುತ್ತಾರೆ. ಅದಕ್ಕೆ ಆಪರೇಷನ್ ಇದೆ, ಸರಿಯಾಗಿ ಆರಿಸಿ ಮಾಡಿದರೆ ನಡಿಗೆ ಸುಧಾರಿಸುತ್ತದೆ. ಅದಕ್ಕೇ ಸ್ಕ್ಯಾನನ್ನು ನ್ಯೂರಾಲಜಿಸ್ಟಿಗೆ ಒಮ್ಮೆ ತೋರಿಸಲೇಬೇಕು. ಬಿ12, ಥೈರಾಯ್ಡ್ ಪರೀಕ್ಷೆಯೂ ಆಗಲಿ.

ಮನೆಯಲ್ಲಿ ಮಾಡಬೇಕಾದ್ದು: ರಾತ್ರಿ ಬಾತ್‌ರೂಮಿನ ದಾರಿಯಲ್ಲಿ ದೀಪ ಇರಲಿ, ಕಾಲಿಗೆ ಸಿಗುವ ಮ್ಯಾಟ್ ತೆಗೆಯಿರಿ, ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಮೂತ್ರದ ಅವಸರ ಮತ್ತು ನಿಧಾನದ ಕಾಲು ಸೇರಿದರೆ ಬೀಳುವುದು ಅಲ್ಲೇ. ನಡೆಯುವಾಗ ಮಾತಾಡಿಸಬೇಡಿ. ಕಾಲಿನ ಬಲಕ್ಕೂ ಸಮತೋಲನಕ್ಕೂ ವ್ಯಾಯಾಮ ಬೇಕು, ಬರೀ ವಾಕಿಂಗ್ ಸಾಲದು.

ನೇರಮಾತು:
ಸರಿ, ಲಕ್ಷಣ ಇದ್ದಾಗ ಸುಮ್ನೆ ಬಿಡಬಾರದು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಚಿಕಿತ್ಸೆ ಏನಿದೆ? ಕಲೆ ಅಳಿಸುವ ಮಾತ್ರೆ ಇಲ್ಲ. ಹಾಗಿದ್ದಮೇಲೆ ಗೊತ್ತಾಗಿ ಏನು ಪ್ರಯೋಜನ?

ವಾರ್ಡ್ ಡಾಕ್ಟರ್:
ಪ್ರಯೋಜನ ಇದೆ. ಅದರ ಹೆಸರು ಬಿಪಿ. ನಾನು ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುವವಳು, ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಸ್ಪ್ರಿಂಟ್ ಅಂತ ದೊಡ್ಡ ಪ್ರಯೋಗ ನಡೆಯಿತು. 50 ದಾಟಿದ 9,361 ಮಂದಿ. ಅರ್ಧ ಜನಕ್ಕೆ ಬಿಪಿಯ ಮೇಲಿನ ಅಂಕಿಯನ್ನು 140ರ ಕೆಳಗೆ, ಉಳಿದವರಿಗೆ 120ರ ಕೆಳಗೆ ತರುವ ಗುರಿ. ಹೃದಯಕ್ಕೆ ಲಾಭ ಎದ್ದುಕಂಡದ್ದರಿಂದ 2015ರಲ್ಲಿ ಬೇಗನೆ ನಿಲ್ಲಿಸಿದರು. ಮಿದುಳಿನ ಫಲಿತಾಂಶ 2019ರಲ್ಲಿ ಬಂತು. 120ರ ಗುಂಪಿನಲ್ಲಿ, ಡಿಮೆನ್ಷಿಯಾಗೆ ಮೊದಲಿನ ಹಂತದ ತೊಂದರೆ 19% ಕಡಿಮೆ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಬಿಳಿ ಕಲೆ ಸುಮಾರು 4 ವರ್ಷದಲ್ಲಿ 120ರ ಗುಂಪಿನಲ್ಲಿ 0.92 ಘನ ಸೆಂಟಿಮೀಟರ್ ಬೆಳೆಯಿತು, 140ರ ಗುಂಪಿನಲ್ಲಿ 1.45. ಡಿಮೆನ್ಷಿಯಾ ಕೂಡ ಕಡಿಮೆ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. ಆ ಕೊರತೆಯನ್ನು ಚೀನಾದ ಹಳ್ಳಿಗಳಲ್ಲಿ ನಡೆದ ಪ್ರಯೋಗ ತುಂಬಿತು. ಸುಮಾರು 34,000 ಮಂದಿ, 4 ವರ್ಷ. ಹಳ್ಳಿಯ ವೈದ್ಯರೇ ಬಿಪಿ ನೋಡಿ ಮಾತ್ರೆ ಹೊಂದಿಸಿದರು. ಡಿಮೆನ್ಷಿಯಾ 15% ಕಡಿಮೆಯಾಯಿತು. 2025ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೊಸ ಔಷಧಿ ಒಂದೂ ಇಲ್ಲ, ಹಳೆಯ ಬಿಪಿ ಮಾತ್ರೆಗಳೇ.

ಕಲೆ ಅಳಿಸುವ ಮಾತ್ರೆ ಇಲ್ಲ ಅಂದಿರಿ, ನಿಜ. ಹೊಸ ಕಲೆ ಬರುವುದನ್ನು ನಿಧಾನ ಮಾಡಲು ಆಗುತ್ತದೆ. 74 ವರ್ಷದವರಿಗೆ ಐದಾರು ವರ್ಷ ತಮ್ಮ ಕಾಲ ಮೇಲೆ ತಾವು ನಡೆಯುವುದು ಚಿಕ್ಕ ಲಾಭವಲ್ಲ.

ಹಳೇ ಮೇಷ್ಟ್ರು:
ಡಾಕ್ಟರಮ್ಮ, ನನಗೆ 81. ವಯಸ್ಸಾದ ಮೇಲೆ ಬಿಪಿ ಸ್ವಲ್ಪ ಜಾಸ್ತಿ ಇರಬೇಕು, ಇಲ್ಲದಿದ್ದರೆ ಮಿದುಳಿಗೆ ರಕ್ತ ಏರುವುದಿಲ್ಲ ಅಂತ ನಮ್ಮ ಕಾಲದ ವೈದ್ಯರು ಹೇಳುತ್ತಿದ್ದರು. ಅದು ತಪ್ಪಾ? ನನಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ.

ವಾರ್ಡ್ ಡಾಕ್ಟರ್:
ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಆ ಭಯ ನ್ಯಾಯವಾದದ್ದೇ. ಅದನ್ನು ನೋಡಲೆಂದೇ ಬ್ರಿಟನ್ನಿನಲ್ಲಿ, ಸಣ್ಣ ನಾಳಗಳ ತೊಂದರೆ ತೀವ್ರವಾಗಿ ಇರುವವರಲ್ಲೇ ಬಿಪಿ ಬಿಗಿಯಾಗಿ ಇಳಿಸಿ, ಮಿದುಳಿನ ರಕ್ತದ ಹರಿವನ್ನು ಎಂಆರ್‌ಐಯಲ್ಲಿ ಅಳೆದರು. ಫಲಿತಾಂಶ 2018ರಲ್ಲಿ ಬಂತು. ಹರಿವು ಕಡಿಮೆಯಾಗಲಿಲ್ಲ. ಚಿಕ್ಕ ಪ್ರಯೋಗ, ಆದರೂ ಸಮಾಧಾನ ಕೊಡುತ್ತದೆ.

ಆದರೆ ನಿಮ್ಮ ಕಣ್ಣುಕತ್ತಲೆಯನ್ನು ಇಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೂತಾಗ ಬಿಪಿ ನೋಡಿಸಿ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸಬೇಕಾಗಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಸ್ಪ್ರಿಂಟಿನಲ್ಲೂ 120ರ ಗುಂಪಿನಲ್ಲಿ ಬಿಪಿ ತೀರಾ ಇಳಿಯುವುದು, ಪ್ರಜ್ಞೆ ತಪ್ಪುವುದು, ಕಿಡ್ನಿಗೆ ತೊಂದರೆ ಇವು ಜಾಸ್ತಿ ಇದ್ದವು. ಸಕ್ಕರೆ ಕಾಯಿಲೆ ಇದ್ದವರನ್ನೂ ಮೊದಲೇ ಸ್ಟ್ರೋಕ್ ಆದವರನ್ನೂ ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಆದ್ದರಿಂದ 120 ಅನ್ನುವುದನ್ನು ಎಲ್ಲರಿಗೂ ಒಂದೇ ಗುರಿ ಅಂತ ನಾನು ಹೇಳುವುದಿಲ್ಲ. ಗಟ್ಟಿಮುಟ್ಟಾಗಿರುವ 70ರವರಿಗೆ 130ರ ಕೆಳಗೆ ಇರಲಿ ಅನ್ನುತ್ತೇನೆ. ಬಲ ಕುಗ್ಗಿದ 85ರವರಿಗೆ ಬೀಳದೆ ಇರುವುದೂ ಗುರಿಯೇ.

ನೇರಮಾತು:
ಇಲ್ಲಿ ನನ್ನ ಅಭಿಪ್ರಾಯ ಬೇರೆ. 80 ದಾಟಿದವರಿಗೆ ಅಂಕಿಯ ಹಿಂದೆ ಓಡಬಾರದು. ಒಂದು ಸಲ ಬಿದ್ದು ಸೊಂಟ ಮುರಿದರೆ ಮಿದುಳು ಉಳಿಸಿ ಏನು ಬಂತು?

ವಾರ್ಡ್ ಡಾಕ್ಟರ್:
ಅಂಕಿಯ ಹಿಂದೆ ಓಡಬಾರದು, ಒಪ್ಪಿದೆ. ಆದರೆ 80 ಆಯಿತು ಅಂತ 165 ಇರಲಿ ಬಿಡಿ ಅನ್ನುವುದನ್ನು ಒಪ್ಪಲಾರೆ. ನಿಧಾನವಾಗಿ, ನಿಂತಾಗಿನ ಬಿಪಿ ನೋಡುತ್ತಾ ಇಳಿಸಿದರೆ ಎರಡನ್ನೂ ಕಾಪಾಡಬಹುದು.

ಎಲ್ಲರಿಗೂ ಒಂದು ಮಾತು. ಮನೆಯಲ್ಲಿ ನೋಡುವ ಬಿಪಿಗೆ ಬೆಲೆ ಇದೆ, ಸರಿಯಾಗಿ ನೋಡಿದರೆ ಮಾತ್ರ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲದ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ಮಾತಾಡಬಾರದು. ಎರಡು ಸಲ ನೋಡಿ, ಎರಡನ್ನೂ ಬರೆದಿಡಿ. ಉಪ್ಪು ಕಡಿಮೆ ಮಾಡಿ. ಬೀಡಿ ಸಿಗರೇಟ್ ಪೂರ್ತಿ ಬಿಡಿ, ಇದರಲ್ಲಿ ರಾಜಿ ಇಲ್ಲ. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಲ್ಲುವವರು ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಿ. ಸಕ್ಕರೆ ಹಿಡಿತದಲ್ಲಿರಲಿ.

ಸಂಜೆಮಲ್ಲಿಗೆ:
ಅಮ್ಮನ ಬಿಪಿ ಕ್ಲಿನಿಕ್ಕಿನಲ್ಲಿ 150ರ ಆಸುಪಾಸು ಇರುತ್ತದೆ. "ಈ ವಯಸ್ಸಿಗೆ ಪರವಾಗಿಲ್ಲ" ಅಂತಲೇ ಕೇಳಿಕೊಂಡು ಬಂದಿದ್ದೇವೆ. ಮನೆಯಲ್ಲಿ ಬರೆದಿಟ್ಟು ತೋರಿಸುತ್ತೇನೆ. ಪರಿಚಯದವರು ರಕ್ತ ತೆಳುವಾಗಲು ದಿನಾ ಒಂದು ಆಸ್ಪಿರಿನ್ ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ?

ವಾರ್ಡ್ ಡಾಕ್ಟರ್:
ಸ್ಕ್ಯಾನಿನಲ್ಲಿ ಬಿಳಿ ಕಲೆ ಕಂಡಿತು ಅನ್ನುವ ಒಂದೇ ಕಾರಣಕ್ಕೆ ಕೊಡಬೇಡಿ. ಸ್ಟ್ರೋಕ್ ಆದವರಿಗೆ, ಹೃದಯದ ತೊಂದರೆ ಇರುವವರಿಗೆ ಆಸ್ಪಿರಿನ್ ಬೇಕಾಗುತ್ತದೆ, ಅದು ಬೇರೆ ಮಾತು. ಆರೋಗ್ಯವಾಗಿರುವ ಹಿರಿಯರಲ್ಲಿ 19,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಆಸ್ಪ್ರೀ ಪ್ರಯೋಗ 2018ರಲ್ಲಿ ಹೊರಬಂತು. ಡಿಮೆನ್ಷಿಯಾ ಕಡಿಮೆಯಾಗಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಸಣ್ಣ ನಾಳದ ಸ್ಟ್ರೋಕ್ ಆದವರಲ್ಲೇ ನಡೆದ ಎಸ್‌ಪಿಎಸ್3 ಪ್ರಯೋಗದಲ್ಲಿ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅನ್ನುವ, ರಕ್ತ ತೆಳುವಾಗುವ ಇನ್ನೊಂದು ಮಾತ್ರೆ ಸೇರಿಸಿ ವರ್ಷಗಟ್ಟಲೆ ಕೊಟ್ಟರು. ಸ್ಟ್ರೋಕ್ ತಪ್ಪಲಿಲ್ಲ, ರಕ್ತಸ್ರಾವವೂ ಸಾವೂ ಹೆಚ್ಚಾದವು. ಈ ನಾಳಗಳು ಮೊದಲೇ ಸೋರುತ್ತಿರುತ್ತವೆ ಅಂತ ಸ್ಕ್ಯಾನ್ ಓದುಗ ಸರ್ ಮೇಲೆ ಬರೆದಿದ್ದಾರಲ್ಲ, ಅದನ್ನು ಇಲ್ಲಿಗೆ ಸೇರಿಸಿ ಓದಿ.

ಹೊಸ ಅತಿಥಿ:
ನಮ್ಮ ಮಾವನವರಿಗೆ ಹೃದಯದ ಬಡಿತ ಏರುಪೇರು, ಅದಕ್ಕೆ ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ಈಗ ಎಂಆರ್‌ಐನಲ್ಲಿ ಮೈಕ್ರೋಬ್ಲೀಡ್ ಮೂರು ಇವೆ ಅಂದಿದ್ದಾರೆ. ಮಾತ್ರೆ ನಿಲ್ಲಿಸಬೇಕಾ? ತುಂಬಾ ಭಯವಾಗಿದೆ.

ಸ್ಕ್ಯಾನ್ ಓದುಗ:
ಭಯಪಟ್ಟು ನಿಲ್ಲಿಸಬೇಡಿ. 20,000ಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2019ರಲ್ಲಿ ನೋಡಿದ್ದಾರೆ. ಮೈಕ್ರೋಬ್ಲೀಡ್ ಇದ್ದವರಲ್ಲಿ ಮಿದುಳಿನ ರಕ್ತಸ್ರಾವದ ಅಪಾಯ ಏರುತ್ತದೆ, ನಿಜ. ಆದರೆ ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕಿನ ಅಪಾಯವೇ ಅದಕ್ಕಿಂತ ದೊಡ್ಡದಾಗಿತ್ತು, ಚುಕ್ಕೆ ಎಷ್ಟಿದ್ದರೂ.

ಚುಕ್ಕೆಗಳು ಎಲ್ಲಿವೆ ಅಂತ ಕೇಳಿ. ಆಳದಲ್ಲಿದ್ದರೆ ಸಾಮಾನ್ಯವಾಗಿ ಬಿಪಿಯಿಂದ ಬಂದದ್ದು. ಎಲ್ಲವೂ ಮಿದುಳಿನ ಹೊರ ಅಂಚಿನಲ್ಲೇ ಇದ್ದರೆ, ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಪ್ರೋಟೀನ್ ಕೂತಿರುವ ಸಾಧ್ಯತೆ ಇದೆ. ಅಂಥವರಲ್ಲಿ ಅಂಚಿನ ಕಡೆ ದೊಡ್ಡ ರಕ್ತಸ್ರಾವ ಆಗುವ ಅಪಾಯ ಹೆಚ್ಚು, ನ್ಯೂರಾಲಜಿಸ್ಟ್ ಮತ್ತು ಹೃದಯದ ಡಾಕ್ಟರ್ ಇಬ್ಬರೂ ಸೇರಿ ತೀರ್ಮಾನಿಸಬೇಕು. ಅಲ್ಜೈಮರಿಗೆ ಬಂದಿರುವ ಲೆಕಾನೆಮ್ಯಾಬ್‌ನಂಥ ಹೊಸ ಔಷಧಿ ಕೊಡುವ ಮೊದಲೂ ಇದೇ ಚುಕ್ಕೆ ಎಣಿಸುತ್ತಾರೆ. ಅದರ ಪ್ರಯೋಗದಲ್ಲಿ 4ಕ್ಕಿಂತ ಹೆಚ್ಚು ಚುಕ್ಕೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ.

ಎಳೆ ಬಿಸಿಲು:
ನನಗೆ ಇನ್ನೂ 38. ಬಿಪಿ ಇಲ್ಲ, ಶುಗರ್ ಇಲ್ಲ. ಮೈಗ್ರೇನ್ ಇದೆ, ಬರುವ ಮೊದಲು ಕಣ್ಣ ಮುಂದೆ ಮಿಂಚು ಕಾಣುತ್ತದೆ. ಅಪ್ಪನಿಗೆ 50ರ ಒಳಗೇ ಸ್ಟ್ರೋಕ್, ದೊಡ್ಡಪ್ಪನಿಗೂ ಹಾಗೇ. ನನ್ನ ಸ್ಕ್ಯಾನಿನಲ್ಲೂ ಬಿಳಿ ಕಲೆ ಇವೆ. ಇದು ವಯಸ್ಸಿನದ್ದು ಆಗಿರಲಾರದು ಅಲ್ವಾ?

ಸ್ಕ್ಯಾನ್ ಓದುಗ:
ನೀವು ಬರೆದಿದ್ದನ್ನು ಹೀಗೇ ನ್ಯೂರಾಲಜಿಸ್ಟಿಗೆ ಹೇಳಿ, ತಡ ಮಾಡಬೇಡಿ. ವಂಶದಲ್ಲಿ ಬರುವ ಕ್ಯಾಡಸಿಲ್ ಅನ್ನುವ ಕಾಯಿಲೆ ಇದೆ. 19ನೇ ಕ್ರೋಮೋಸೋಮಿನ ನಾಚ್3 ಜೀನಿನ ದೋಷದಿಂದ ಬರುತ್ತದೆ, 1996ರಲ್ಲಿ ಫ್ರಾನ್ಸಿನ ತಂಡ ಕಂಡುಹಿಡಿದದ್ದು. ಮೈಗ್ರೇನ್, ಚಿಕ್ಕ ವಯಸ್ಸಿನ ಸ್ಟ್ರೋಕ್, ಕುಟುಂಬದ ಇತಿಹಾಸ ಮೂರೂ ಒಟ್ಟಿಗಿದ್ದರೆ ಅದನ್ನು ಯೋಚಿಸುತ್ತೇವೆ. ಸ್ಕ್ಯಾನಿನಲ್ಲಿ ಕಿವಿಯ ಮೇಲಿನ ಟೆಂಪೊರಲ್ ಭಾಗದ ಮುಂತುದಿಯಲ್ಲಿ ಕಲೆ ಇದ್ದರೆ ಅನುಮಾನ ಬಲವಾಗುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50%. ಜೀನ್ ಪರೀಕ್ಷೆಗೆ ಮೊದಲು ಕೌನ್ಸೆಲಿಂಗ್ ತೆಗೆದುಕೊಳ್ಳಿ, ಯಾಕಂದರೆ ಆ ಉತ್ತರ ನಿಮ್ಮೊಬ್ಬರದ್ದೇ ಆಗಿರುವುದಿಲ್ಲ, ಒಡಹುಟ್ಟಿದವರಿಗೂ ಮಕ್ಕಳಿಗೂ ತಟ್ಟುತ್ತದೆ. ಮೈಗ್ರೇನ್ ಒಂದರಿಂದಲೇ ಕಲೆ ಬಂದಿರುವುದೂ ಸಾಧ್ಯ, ಆದ್ದರಿಂದ ಈಗಲೇ ಕಾಯಿಲೆ ಇದೆ ಅಂದುಕೊಳ್ಳಬೇಡಿ.

ದಾರಿಹೋಕಳು:
ಒಂದು ಕೇಳಬೇಕಿತ್ತು. ಒಮ್ಮೆ ಬಂದ ಕಲೆ ಕಡಿಮೆಯಾಗುವುದೇ ಇಲ್ಲವಾ?

ಸ್ಕ್ಯಾನ್ ಓದುಗ:
ಕೆಲವರಲ್ಲಿ ಆಗುತ್ತದೆ. ನಮ್ಮ ಕಾಲದಲ್ಲಿ ಇದು ಒಂದೇ ದಿಕ್ಕಿನ ದಾರಿ ಅಂತ ಪಾಠ ಮಾಡುತ್ತಿದ್ದರು. ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ 2006ರಲ್ಲಿ ಶುರುವಾದ ಅಧ್ಯಯನದಲ್ಲಿ 503 ಮಂದಿಯನ್ನು ಸೇರಿಸಿಕೊಂಡು, ಅವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರು. ಕೆಲವರ ಬಿಳಿ ಕಲೆ ಕುಗ್ಗಿತ್ತು. ಬಿಳಿ ಕಲೆಯಲ್ಲಿ ಒಂದು ಪಾಲು ಸತ್ತ ಭಾಗವಲ್ಲ, ನೀರು ಸೇರಿಕೊಂಡ ಭಾಗ ಅನ್ನುವುದು ಇದಕ್ಕೆ ಒಂದು ವಿವರಣೆ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ, ಮೊದಲೇ ಕಲೆ ಜಾಸ್ತಿ ಇದ್ದವರಲ್ಲೇ ಅದು ವೇಗವಾಗಿ ಬೆಳೆಯಿತು. ಕಡಿಮೆ ಇದ್ದವರಲ್ಲಿ ಹೆಚ್ಚು ಬೆಳೆಯಲಿಲ್ಲ. ಅದಕ್ಕೇ ಗ್ರೇಡ್ 2ರಲ್ಲಿ ಬಿಪಿ ಹಿಡಿಯಿರಿ ಅಂತ ನಾನು ಇಷ್ಟು ಒತ್ತಿ ಹೇಳುವುದು. ಸಿಲೊಸ್ಟಜಾಲ್, ಐಸೊಸಾರ್ಬೈಡ್ ಮೊನೊನೈಟ್ರೇಟ್ ಅನ್ನುವ ಹಳೆಯ ಮಾತ್ರೆಗಳನ್ನು ಈ ಕಾಯಿಲೆಗೆ ಬ್ರಿಟನ್ನಿನಲ್ಲಿ ಪರೀಕ್ಷಿಸಿದ್ದಾರೆ. 363 ಮಂದಿಯ ಲಾಸಿ-2 ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು, ಆಸೆ ಹುಟ್ಟಿಸುವಂತಿದೆ. ದೊಡ್ಡ ಪ್ರಯೋಗ ಮುಗಿಯುವ ತನಕ ಯಾರೂ ಇವನ್ನು ತಾವಾಗಿ ತೆಗೆದುಕೊಳ್ಳಬಾರದು.

ಸಂಜೆಮಲ್ಲಿಗೆ:
ಎಲ್ಲರಿಗೂ ಕೈಮುಗಿಯುತ್ತೇನೆ. ಕೊನೆಗೊಂದು ಪ್ರಶ್ನೆ. ಎಂಆರ್‌ಐಯನ್ನು ಪ್ರತಿ ವರ್ಷ ಮಾಡಿಸಬೇಕಾ?

ಸ್ಕ್ಯಾನ್ ಓದುಗ:
ಬೇಡ. ಹೊಸ ಲಕ್ಷಣ ಬಂದರೆ, ಅಥವಾ ಸ್ಕ್ಯಾನ್ ನೋಡಿ ಚಿಕಿತ್ಸೆ ಬದಲಿಸುವ ಪ್ರಶ್ನೆ ಇದ್ದರೆ ಮಾತ್ರ ಮಾಡಿಸಿ. ವರ್ಷ ವರ್ಷ ನೋಡಬೇಕಾದ್ದು ಬಿಪಿ ಬರೆದಿಟ್ಟ ಪುಸ್ತಕ, ನಡಿಗೆಯ ವೇಗ, ಮೋಕಾ ಅಂಕ. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಹಠಾತ್ತಾಗಿ ಸೋಲುವುದು, ಮಾತು ತೊದಲುವುದು ಆದರೆ ಈ ಲೆಕ್ಕ ಯಾವುದೂ ಬೇಡ. ಶುರುವಾದ ಗಂಟೆ ನೋಡಿಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಈಗ ಮಾಡಿಸಿರುವ ಸ್ಕ್ಯಾನಿನ ಸಿಡಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ರಿಪೋರ್ಟ್ ಕಾಗದ ಮಾತ್ರ ಸಾಲದು. ಮುಂದೆ ಯಾವತ್ತಾದರೂ ಸ್ಕ್ಯಾನ್ ಮಾಡಿಸಿದಾಗ ಓದುವವರು ಮೊದಲು ಕೇಳುವುದು ಹಳೆಯ ಚಿತ್ರಗಳನ್ನು.